ಯಕೃತ್ತಿನ ಕಲೆ ಮತ್ತು ಕೋಶದ ನೆನಪು

ಸಿರೋಸಿಸ್ ಹಂತ ಮುಟ್ಟಿದ ಯಕೃತ್ತು ಮತ್ತೆ ಹಳೆಯ ಸ್ಥಿತಿಗೆ ಬರುವುದಿಲ್ಲ ಎಂದು ವೈದ್ಯರು ಬಹುಕಾಲ ನಂಬಿದ್ದರು. ಪಠ್ಯಪುಸ್ತಕಗಳಲ್ಲೂ ಹಾಗೇ ಇತ್ತು. 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ನಂಬಿಕೆಯನ್ನು ಬಲವಾಗಿ ಅಲುಗಾಡಿಸಿತು. ಹೆಪಟೈಟಿಸ್ ಬಿ ಸೋಂಕಿಗೆ ಟೆನೊಫೊವಿರ್ ಮಾತ್ರೆ ನುಂಗುತ್ತಿದ್ದ 348 ರೋಗಿಗಳಿಗೆ ಚಿಕಿತ್ಸೆ ಶುರುವಾಗುವ ಮೊದಲೊಮ್ಮೆ, ಐದು ವರ್ಷದ ನಂತರ ಇನ್ನೊಮ್ಮೆ ಬಯಾಪ್ಸಿ ಮಾಡಲಾಗಿತ್ತು. ಮೊದಲ ಬಯಾಪ್ಸಿಯಲ್ಲಿ ಸಿರೋಸಿಸ್ ಕಂಡಿದ್ದು 96 ಜನರಲ್ಲಿ. ಐದು ವರ್ಷ ಕಳೆಯುವ ಹೊತ್ತಿಗೆ ಅವರಲ್ಲಿ 71 ಜನರಿಗೆ ಸಿರೋಸಿಸ್ ಇರಲಿಲ್ಲ. ವೈರಸ್ಸನ್ನು ಅದುಮಿಟ್ಟಿದ್ದಕ್ಕೆ ವರ್ಷಾನುಗಟ್ಟಲೆ ಬೆಳೆದಿದ್ದ ಕಲೆ ತಾನಾಗಿ ಕರಗಿತ್ತು.

ಉಳಿದ 25 ಜನರಲ್ಲಿ ಅದು ಕರಗಲಿಲ್ಲ. ಮದ್ದು ಅದೇ, ಅವಧಿ ಅದೇ. ದೇಹದ ತೂಕ ಹೆಚ್ಚಿದ್ದವರಲ್ಲಿ ಕಲೆ ಉಳಿಯುವ ಸಂಭವ ಹೆಚ್ಚೆಂಬುದು ಅದೇ ಅಧ್ಯಯನದಿಂದ ತಿಳಿಯಿತು. ಆದರೆ ತೂಕ ಎಂಬ ಉತ್ತರದ ಹಿಂದೆ ಇನ್ನೊಂದು ಪ್ರಶ್ನೆ ಇದೆ: ತಿಂದದ್ದು, ಕುಡಿದದ್ದು, ಅಂಟಿದ ಸೋಂಕು ಇವೆಲ್ಲ ಯಕೃತ್ತಿನ ಕೋಶಕ್ಕೆ ತಲುಪಿ ಅಲ್ಲಿ ಯಾವ ರೂಪದಲ್ಲಿ ಉಳಿದುಕೊಳ್ಳುತ್ತವೆ? ಈ ಪ್ರಶ್ನೆಯನ್ನು ಹಿಡಿದು ಹೊರಟ ಸಂಶೋಧನೆಯೇ ಯಕೃತ್ ಫೈಬ್ರೋಸಿಸ್‌ನ ಎಪಿಜೆನೆಟಿಕ್ಸ್.

ಯಕೃತ್ತಿಗೆ ಪೆಟ್ಟಾದಾಗ ಅದು ಗಾಯದ ಜಾಗಕ್ಕೆ ಕೊಲ್ಯಾಜನ್ ಎಂಬ ನಾರಿನಂಥ ಪ್ರೋಟೀನನ್ನು ತುಂಬುತ್ತದೆ. ಪೆಟ್ಟು ಒಂದೇ ಸಲದ್ದಾದರೆ ಕೋಶಗಳು ಮರುಹುಟ್ಟು ಪಡೆದು, ನಾರು ಕರಗಿ, ಕೆಲವೇ ವಾರಗಳಲ್ಲಿ ಗುರುತೂ ಉಳಿಯುವುದಿಲ್ಲ. ಕುಡಿತ, ವೈರಸ್, ಕೊಬ್ಬು, ಪಿತ್ತನಾಳದ ಅಡಚಣೆ ಇಂಥ ಕಾರಣದಿಂದ ವರ್ಷಗಟ್ಟಲೆ ಪೆಟ್ಟು ಬೀಳುತ್ತಲೇ ಇದ್ದರೆ ನಾರು ಕಟ್ಟುವ ವೇಗ ಕರಗುವ ವೇಗವನ್ನು ಮೀರುತ್ತದೆ. ಇದು ಫೈಬ್ರೋಸಿಸ್. ನಾರಿನ ಪಟ್ಟಿಗಳು ಒಂದಕ್ಕೊಂದು ಕೂಡಿ ಯಕೃತ್ತನ್ನು ಗಂಟುಗಂಟಾಗಿ ಒಡೆದಾಗ ಅದನ್ನು ಸಿರೋಸಿಸ್ ಎನ್ನುತ್ತಾರೆ. ಕಲೆಯೇ ಇಲ್ಲದ ಸ್ಥಿತಿಯನ್ನು ಎಫ್0 ಎಂದೂ ಸಿರೋಸಿಸ್ಸನ್ನು ಎಫ್4 ಎಂದೂ ಅಳೆಯುವುದು ರೂಢಿ.

ಈ ನಾರನ್ನು ನೇಯುವ ಕೋಶವನ್ನು ಗುರುತಿಸಲು ವಿಜ್ಞಾನಕ್ಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1876ರಲ್ಲಿ ಜರ್ಮನಿಯ ಅಂಗರಚನಾ ತಜ್ಞ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ ಚಿನ್ನದ ಕ್ಲೋರೈಡ್ ದ್ರಾವಣದಿಂದ ಯಕೃತ್ತಿಗೆ ಬಣ್ಣ ಕಟ್ಟಿ ನೋಡಿದಾಗ ರಕ್ತನಾಳಗಳ ಪಕ್ಕದಲ್ಲಿ ಕೈಚಾಚಿದಂತಿರುವ ಕಪ್ಪು ನಕ್ಷತ್ರಾಕಾರದ ಕೋಶಗಳು ಕಂಡವು. ಮುಂದೆ ಅವರೇ ಇವನ್ನು ಯಕೃತ್ತಿನ ಭಕ್ಷಕ ಕೋಶಗಳೊಂದಿಗೆ ಬೆರೆಸಿಬಿಟ್ಟರು. ಇಂದು ಕುಪ್ಫರ್ ಕೋಶ ಎಂದು ಕರೆಯುವುದು ಆ ಭಕ್ಷಕ ಕೋಶಗಳನ್ನೇ. 1951ರಲ್ಲಿ ಜಪಾನಿನ ತೋಷಿಯೋ ಇಟೊ ಕೊಬ್ಬು ತುಂಬಿಕೊಂಡ ಕೋಶವೊಂದನ್ನು ವರ್ಣಿಸಿದರು. ಇಟೊ ಕಂಡ ಕೋಶವೂ ಕುಪ್ಫರ್ ಮೊದಲು ಕಂಡ ನಕ್ಷತ್ರವೂ ಒಂದೇ ಎಂದು 1971ರಲ್ಲಿ ಕೆಂಜಿರೊ ವಾಕೆ ಅದೇ ಹಳೆಯ ಚಿನ್ನದ ವಿಧಾನದಿಂದ ತೋರಿಸಿಕೊಟ್ಟರು. ಕೊಲ್ಯಾಜನ್ ಬರುವುದು ಮುಖ್ಯವಾಗಿ ಈ ಕೋಶದಿಂದ ಎಂದು ಅಮೆರಿಕದ ಸ್ಕಾಟ್ ಫ್ರೀಡ್‌ಮನ್ ಮತ್ತು ಸಂಗಡಿಗರು 1985ರಲ್ಲಿ ಖಚಿತಪಡಿಸಿದರು.

ಆರೋಗ್ಯವಂತ ಯಕೃತ್ತಿನಲ್ಲಿ ನಕ್ಷತ್ರಕೋಶ ಸಾಧು ಜೀವಿ. ದೇಹದ ಎ ಜೀವಸತ್ವದ ಬಹುಪಾಲನ್ನು ಎಣ್ಣೆಹನಿಗಳಲ್ಲಿ ಕೂಡಿಟ್ಟುಕೊಂಡು ಸುಮ್ಮನಿರುತ್ತದೆ. ಇಲಿಯ ಯಕೃತ್ತಿನಿಂದ ಈ ಕೋಶಗಳನ್ನು ಬೇರ್ಪಡಿಸಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸುವುದು ಪ್ರಯೋಗಾಲಯಗಳಲ್ಲಿ ದಿನನಿತ್ಯದ ಕೆಲಸ. ಮೊದಲ ದಿನ ನೇರಳಾತೀತ ಬೆಳಕು ಬಿಟ್ಟರೆ ಎಣ್ಣೆಹನಿಗಳಲ್ಲಿನ ಎ ಜೀವಸತ್ವ ನೀಲಿ ಹಸಿರು ಬಣ್ಣದಲ್ಲಿ ಹೊಳೆದು ಕೂಡಲೇ ಮಂಕಾಗುತ್ತದೆ. ಎರಡು ಮೂರು ದಿನ ಕಳೆದರೆ ಹನಿಗಳು ಸಣ್ಣವಾಗುತ್ತವೆ, ಗುಂಡಗಿದ್ದ ಕೋಶ ಚಪ್ಪಟೆಯಾಗಿ ಹರಡುತ್ತದೆ. ವಾರ ದಾಟಿದ ಮೇಲೆ ಹೊಳೆಯಲು ಏನೂ ಉಳಿದಿರುವುದಿಲ್ಲ. ಕೋಶದ ತುಂಬ ಸ್ನಾಯುವಿನಲ್ಲಿರುವಂಥ ಆ್ಯಕ್ಟಿನ್ ಎಳೆಗಳು ಬಿಗಿದು ನಿಂತಿರುತ್ತವೆ, ಸುತ್ತ ಕೊಲ್ಯಾಜನ್ ಸುರಿಯುತ್ತಿರುತ್ತದೆ. ಇಷ್ಟು ಬದಲಾದ ಕೋಶವನ್ನು ಮಯೋಫೈಬ್ರೋಬ್ಲಾಸ್ಟ್ ಎಂದು ಕರೆಯುತ್ತಾರೆ. ಗಮನಿಸಬೇಕಾದದ್ದು ಒಂದೇ: ಮೊದಲ ದಿನದ ಕೋಶದಲ್ಲೂ ಹತ್ತನೆಯ ದಿನದ ಕೋಶದಲ್ಲೂ ಡಿಎನ್‌ಎ ಅಕ್ಷರಕ್ಷರವೂ ಅದೇ. ಸಾವಿರಾರು ಜೀನ್‌ಗಳ ಚಟುವಟಿಕೆ ಮಾತ್ರ ತಲೆಕೆಳಗಾಗಿದೆ.

ಡಿಎನ್‌ಎ ಅಕ್ಷರಕ್ರಮ ಬದಲಾಗದೆ ಜೀನ್‌ಗಳ ಚಟುವಟಿಕೆ ಬದಲಾಗಿ, ಆ ಬದಲಾವಣೆ ಕೋಶ ಒಡೆದು ಎರಡಾದಾಗಲೂ ಉಳಿದುಕೊಳ್ಳುವುದನ್ನು ಎಪಿಜೆನೆಟಿಕ್ಸ್ ಅಭ್ಯಸಿಸುತ್ತದೆ. ಈ ಹೆಸರನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟಿಷ್ ಜೀವವಿಜ್ಞಾನಿ ಕಾನ್ರಾಡ್ ವ್ಯಾಡಿಂಗ್ಟನ್. ಒಂದೊಂದು ಕೋಶದಲ್ಲಿ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳ ಸುತ್ತ, ಲಾಳಿಯ ಕಂಡಿಕೆಗೆ ನೂಲು ಸುತ್ತಿದ ಹಾಗೆ ಸುತ್ತಿಕೊಂಡಿರುತ್ತದೆ. ಸುತ್ತು ಸಡಿಲವಿರುವಲ್ಲಿ ಜೀನ್ ಓದಿಗೆ ಸಿಗುತ್ತದೆ, ಬಿಗಿಯಿರುವಲ್ಲಿ ಸಿಗುವುದಿಲ್ಲ. ಹಿಸ್ಟೋನ್‌ಗೆ ಅಸಿಟೈಲ್ ಗುಂಪು ಅಂಟಿದರೆ ಸಾಮಾನ್ಯವಾಗಿ ಸಡಿಲ. ಮಿಥೈಲ್ ಗುಂಪು ಅಂಟಿದರೆ ಅಂಟಿದ ಜಾಗಕ್ಕೆ ತಕ್ಕಂತೆ ಸಡಿಲವೋ ಬಿಗಿಯೋ ಆಗುತ್ತದೆ. ಡಿಎನ್‌ಎಗೇ ನೇರವಾಗಿ, ಅದರಲ್ಲೂ ಜೀನ್ ಶುರುವಾಗುವ ಜಾಗದಲ್ಲಿ ಮಿಥೈಲ್ ಅಂಟಿದರೆ ಆ ಜೀನ್ ಬಹುತೇಕ ಮೌನ. ಇವುಗಳ ಜೊತೆಗೆ, ಪ್ರೋಟೀನ್ ತಯಾರಿಯನ್ನು ಮಧ್ಯದಲ್ಲೇ ತಡೆಯುವ ಪುಟ್ಟ ಮೈಕ್ರೋ ಆರ್‌ಎನ್‌ಎಗಳೂ ಇವೆ.

ಯಕೃತ್ತಿನ ಕಲೆಯಲ್ಲಿ ಇವೆಲ್ಲ ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಬಿಡಿಸಿದ ಉದಾಹರಣೆ ಪಿಪಾರ್-ಗ್ಯಾಮಾ ಎಂಬ ಜೀನ್‌ನದು. ನಕ್ಷತ್ರಕೋಶವನ್ನು ಸುಮ್ಮನಿರಿಸುವುದು ಇದರ ಕೆಲಸ. ಇದು ನಡೆಯುತ್ತಿರುವ ತನಕ ಎಣ್ಣೆಹನಿ ಉಳಿಯುತ್ತದೆ, ಕೊಲ್ಯಾಜನ್ ಹೊರಬರುವುದಿಲ್ಲ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಡೆರೆಕ್ ಮನ್, ಯೆಲೆನಾ ಮನ್ ಮತ್ತು ತಂಡ 2007ರಿಂದ ಸರಣಿಯಾಗಿ ಪ್ರಕಟಿಸಿದ ಪ್ರಯೋಗಗಳು ಈ ಜೀನ್ ಬಾಯಿ ಮುಚ್ಚುವ ಬಗೆಯನ್ನು ತೆರೆದಿಟ್ಟವು. ಶಾಂತ ಕೋಶದಲ್ಲಿ ಮಿರ್-132 ಎಂಬ ಮೈಕ್ರೋ ಆರ್‌ಎನ್‌ಎ, ಮೆಕ್‌ಪಿ2 ಎಂಬ ಪ್ರೋಟೀನ್ ತಯಾರಾಗದಂತೆ ತಡೆದಿರುತ್ತದೆ. ಪೆಟ್ಟು ಬಿದ್ದೊಡನೆ ಮಿರ್-132 ಇಳಿಯುತ್ತದೆ, ಮೆಕ್‌ಪಿ2 ಏರುತ್ತದೆ. ಅದು ಹೋಗಿ ಪಿಪಾರ್-ಗ್ಯಾಮಾ ಜೀನ್‌ನ ಆರಂಭದಲ್ಲಿರುವ ಮಿಥೈಲ್ ಗುರುತುಗಳಿಗೆ ಅಂಟಿ ಸುತ್ತು ಬಿಗಿಗೊಳಿಸುತ್ತದೆ. ಅಷ್ಟಕ್ಕೇ ನಿಲ್ಲದೆ ಇಜೆಡ್‌ಎಚ್2 ಎಂಬ ಕಿಣ್ವವನ್ನೂ ಹೆಚ್ಚಿಸುತ್ತದೆ. ಆ ಕಿಣ್ವ ಜೀನ್‌ನ ಮುಂದಿನ ಭಾಗದ ಹಿಸ್ಟೋನ್‌ಗಳಿಗೆ ಇನ್ನೊಂದು ಬಗೆಯ ಮಿಥೈಲ್ ಗುರುತು ಹಾಕಿ, ಓದು ಶುರುವಾದರೂ ಮುಂದೆ ಸಾಗದಂತೆ ಮಾಡುತ್ತದೆ. ಹುಟ್ಟಿನಿಂದಲೇ ಮೆಕ್‌ಪಿ2 ಇಲ್ಲದ ಇಲಿಗಳಿಗೆ ಯಕೃತ್ತಿನ ವಿಷ ಕೊಟ್ಟಾಗ ಉಳಿದ ಇಲಿಗಳಿಗಿಂತ ಕಡಿಮೆ ಕಲೆ ಕಟ್ಟಿತು.

ಮೆಕ್‌ಪಿ2 ಎಂದೊಡನೆ ನರವಿಜ್ಞಾನಿಗಳಿಗೆ ನೆನಪಾಗುವುದು ರೆಟ್ ಸಿಂಡ್ರೋಮ್. ಹೆಣ್ಣುಮಕ್ಕಳಲ್ಲಿ ಕಾಣುವ ಆ ಗಂಭೀರ ಮೆದುಳಿನ ರೋಗಕ್ಕೆ ಈ ಜೀನ್‌ನ ದೋಷವೇ ಕಾರಣವೆಂದು 1999ರಲ್ಲಿ ಗೊತ್ತಾಗಿತ್ತು. ಮೆದುಳಿಗೆ ಇಷ್ಟು ಅಗತ್ಯವಾದ ಪ್ರೋಟೀನನ್ನು ಯಕೃತ್ತಿಗೋಸ್ಕರ ಇಡೀ ದೇಹದಲ್ಲಿ ಅಡಗಿಸುವಂತಿಲ್ಲ. ಈ ಬಗೆಯ ಔಷಧಗಳ ಮುಂದಿರುವ ದೊಡ್ಡ ತೊಡಕು ಇಲ್ಲೇ ಕಾಣಿಸಿಕೊಳ್ಳುತ್ತದೆ.

ಇದೇ ನ್ಯೂಕಾಸಲ್ ತಂಡ 2012ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಕ್ಷೇತ್ರದ ಹೊರಗಿನವರನ್ನೂ ಬೆರಗುಗೊಳಿಸಿತು. ಗಂಡು ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಯಕೃತ್ತಿನಲ್ಲಿ ಕಲೆ ಬರಿಸಲಾಯಿತು. ಹಿಂದೊಮ್ಮೆ ಡ್ರೈಕ್ಲೀನಿಂಗ್ ಅಂಗಡಿಗಳಲ್ಲಿ ಬಳಕೆಯಲ್ಲಿದ್ದ ಈ ದ್ರಾವಣ ಈಗ ಯಕೃತ್ ಸಂಶೋಧಕರ ಖಾಯಂ ವಿಷ. ಆ ಇಲಿಗಳ ಗಂಡು ಮಕ್ಕಳಿಗೂ ಮೊಮ್ಮಕ್ಕಳಿಗೂ ಮುಂದೆ ಅದೇ ವಿಷ ಕೊಟ್ಟು ನೋಡಿದರೆ, ಪೂರ್ವಜರಿಗೆ ಪೆಟ್ಟಾಗಿದ್ದ ಇಲಿಗಳಲ್ಲಿ ಕಲೆ ಕಡಿಮೆ ಕಟ್ಟಿತು. ಅವುಗಳ ಯಕೃತ್ತಿನಲ್ಲಿ ಪಿಪಾರ್-ಗ್ಯಾಮಾ ಹೆಚ್ಚಿತ್ತು, ಕಲೆಗೆ ಕುಮ್ಮಕ್ಕು ಕೊಡುವ ಟಿಜಿಎಫ್-ಬೀಟಾ ಕಡಿಮೆಯಿತ್ತು. ತಂದೆ ಇಲಿಯ ವೀರ್ಯಾಣುಗಳನ್ನು ಪರೀಕ್ಷಿಸಿದಾಗ ಪಿಪಾರ್-ಗ್ಯಾಮಾ ಜೀನ್ ಇರುವ ಜಾಗದಲ್ಲೇ ಹಿಸ್ಟೋನ್ ಗುರುತುಗಳು ಬದಲಾಗಿದ್ದವು. ಯಕೃತ್ತಿನಲ್ಲಾದ ಗಾಯದ ಸುದ್ದಿ ವೃಷಣಕ್ಕೆ ತಲುಪಿದ್ದು ಹೇಗೆ? ಪೆಟ್ಟಾದ ಇಲಿಯ ರಕ್ತದ ಸೀರಮ್ಮನ್ನು ಆರೋಗ್ಯವಂತ ಇಲಿಗೆ ಚುಚ್ಚಿದಾಗ ಅದರ ವೀರ್ಯಾಣುವಿನಲ್ಲೂ ಅಂಥದೇ ಗುರುತು ಮೂಡಿತು. ಕಲೆ ಕಟ್ಟುವ ಕೋಶಗಳು ರಕ್ತಕ್ಕೆ ಬಿಡುವ ಯಾವುದೋ ಪದಾರ್ಥ ಈ ಸುದ್ದಿಯನ್ನು ಹೊತ್ತೊಯ್ಯುತ್ತಿರಬೇಕು ಎಂದು ತಂಡ ತರ್ಕಿಸಿತು.

ಈ ಪ್ರಯೋಗದ ಸುದ್ದಿಯನ್ನು ಓದಿ, ಅಪ್ಪ ಕುಡಿದರೆ ಮಗನ ಲಿವರಿಗೆ ರಕ್ಷೆ ಎಂದು ಯಾರಾದರೂ ಅರ್ಥಮಾಡಿಕೊಂಡರೆ ಅದು ಅಪಾಯ. ಇದು ನಿಯಂತ್ರಿತ ಪರಿಸರದ ಇಲಿಗಳ ಮಾತು. ಮನುಷ್ಯರ ಬಗ್ಗೆ ಅದೇ ವರದಿಯಲ್ಲಿ ಇರುವುದು ಸಣ್ಣ ಸುಳಿವೊಂದೇ: ಕೊಬ್ಬಿನ ಯಕೃತ್ ರೋಗವಿದ್ದು ಕಲೆ ಕಡಿಮೆ ಇದ್ದವರಲ್ಲಿ ಪಿಪಾರ್-ಗ್ಯಾಮಾ ಜೀನ್‌ನ ಆರಂಭದಲ್ಲಿ ಮಿಥೈಲ್ ಗುರುತು ಕಡಿಮೆಯಿತ್ತು, ತೀವ್ರ ಕಲೆ ಇದ್ದವರಲ್ಲಿ ಹೆಚ್ಚಿತ್ತು. ಗರ್ಭದಲ್ಲಿರುವಾಗಲೇ ಯಕೃತ್ತಿನ ಗುರುತು ಬದಲಾಗಬಹುದು ಎಂಬುದಕ್ಕೆ ಬೇರೆ ಪುರಾವೆಯೂ ಇದೆ. ಹೆಚ್ಚು ಕೊಬ್ಬಿನ ಆಹಾರ ತಿಂದ ತಾಯಿ ಕೋತಿಗಳ ಭ್ರೂಣದ ಯಕೃತ್ತಿನಲ್ಲಿ ಹಿಸ್ಟೋನ್ ಅಸಿಟೈಲ್ ಗುರುತುಗಳು ಬದಲಾಗಿದ್ದನ್ನು 2008ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ಅಲ್ಲಿ ಆದದ್ದು ರಕ್ಷಣೆಯಲ್ಲ, ಕೊಬ್ಬು ತುಂಬುವತ್ತ ವಾಲಿದ ಬದಲಾವಣೆ.

ಕಲೆ ಕರಗುವಾಗ ಅದನ್ನು ಕಟ್ಟಿದ ಕೋಶಗಳು ಏನಾಗುತ್ತವೆ? ಅವೆಲ್ಲ ಸಾಯುತ್ತವೆ ಎಂಬುದೇ ಮೊದಲಿನ ಅಭಿಪ್ರಾಯವಾಗಿತ್ತು. 2012ರಲ್ಲಿ ಸ್ಯಾನ್ ಡಿಯಾಗೊ ಮತ್ತು ನ್ಯೂಯಾರ್ಕಿನ ಎರಡು ತಂಡಗಳು ಬೇರೆ ಬೇರೆಯಾಗಿ ಇಲಿಗಳಲ್ಲಿ ಇದನ್ನು ಹಿಂಬಾಲಿಸಿದವು. ಕಲೆ ಕಟ್ಟುವ ಕೋಶಗಳಿಗೆ ಆನುವಂಶಿಕವಾಗಿ ಅಳಿಸಲಾಗದ ಬಣ್ಣದ ಗುರುತು ಹಾಕಿ, ವಿಷ ನಿಲ್ಲಿಸಿದ ಮೇಲೆ ಅವು ಎಲ್ಲಿಗೆ ಹೋಗುತ್ತವೆ ಎಂದು ನೋಡಿದರು. ಸ್ಯಾನ್ ಡಿಯಾಗೊ ತಂಡದ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಸಾಯದೆ ಉಳಿದು ಮತ್ತೆ ಶಾಂತವಾಗಿದ್ದವು. ಆದರೆ ಅವು ಪೆಟ್ಟೇ ಕಾಣದ ಕೋಶಗಳಂತೆ ಆಗಿರಲಿಲ್ಲ. ಎರಡನೆಯ ಸಲ ವಿಷ ಬಿದ್ದಾಗ ಹಿಂದಿಗಿಂತ ಬೇಗ, ಹಿಂದಿಗಿಂತ ಜೋರಾಗಿ ಕೊಲ್ಯಾಜನ್ ಕಟ್ಟಲು ಹೊರಟವು.

ವರ್ಷಗಟ್ಟಲೆ ಕುಡಿತ ಬಿಟ್ಟು ಮತ್ತೆ ಶುರುಮಾಡಿದವರ ಯಕೃತ್ತು ಈ ಸಲ ಬೇಗ ಕೈಕೊಡುವುದನ್ನು ವೈದ್ಯರು ಕಂಡಿದ್ದಾರೆ. ಅದಕ್ಕೆ ಕಾರಣಗಳು ಹಲವಿರಬಹುದು. ಕೋಶದ ಈ ನೆನಪು ಅವುಗಳಲ್ಲಿ ಒಂದೆನ್ನಲು ಇಲಿಗಳ ಪ್ರಯೋಗ ಒಳ್ಳೆಯ ಆಧಾರ.

ಆಲ್ಕೊಹಾಲ್ ಮತ್ತು ಎಪಿಜೆನೆಟಿಕ್ ಗುರುತುಗಳ ನಂಟು ಇನ್ನೂ ನೇರ. ಯಕೃತ್ತಿನಲ್ಲಿ ಆಲ್ಕೊಹಾಲ್ ಮೊದಲು ಅಸಿಟಾಲ್ಡಿಹೈಡ್ ಆಗಿ, ಆಮೇಲೆ ಅಸಿಟೇಟ್ ಆಗಿ ಒಡೆಯುತ್ತದೆ. ಹಿಸ್ಟೋನ್‌ಗೆ ಅಂಟುವ ಅಸಿಟೈಲ್ ಗುಂಪಿಗೆ ಕಚ್ಚಾ ಸಾಮಗ್ರಿ ಇದೇ ಅಸಿಟೇಟ್. ಇನ್ನೊಂದು ಕಡೆ, ಮಿಥೈಲ್ ಗುಂಪನ್ನು ಒದಗಿಸುವ ಎಸ್-ಅಡೆನೊಸಿಲ್ ಮೆಥಿಯೊನಿನ್ ಎಂಬ ಪದಾರ್ಥ ಬಹುದಿನ ಕುಡಿಯುವವರ ಯಕೃತ್ತಿನಲ್ಲಿ ಕುಗ್ಗುತ್ತದೆ; ಫೋಲೇಟ್ ಕೊರತೆ ಇದನ್ನು ಇನ್ನಷ್ಟು ಕೆಡಿಸುತ್ತದೆ. ಹೀಗೆ ಕುಡಿತ ಎರಡೂ ಬಗೆಯ ಗುರುತುಗಳ ಪೂರೈಕೆಯಲ್ಲೇ ಕೈಹಾಕುತ್ತದೆ. ಕೊರತೆಯಾದದ್ದನ್ನು ಮಾತ್ರೆಯಾಗಿ ತುಂಬಿದರೆ ಸಾಕೆಂದು ಎಸ್-ಅಡೆನೊಸಿಲ್ ಮೆಥಿಯೊನಿನ್ನನ್ನು ರೋಗಿಗಳಿಗೆ ಕೊಟ್ಟು ನೋಡಿದ್ದೂ ಉಂಟು. ಖಚಿತ ಲಾಭ ಸಾಬೀತಾಗಲಿಲ್ಲ.

ಲಿವರ್ ಹಾಳಾಗಿದೆ ಎಂದರೆ ಆಸಾಮಿ ಕುಡುಕನೇ ಇರಬೇಕೆಂದು ನಮ್ಮ ಊರುಗಳಲ್ಲಿ ಜನ ಥಟ್ಟನೆ ತೀರ್ಮಾನಿಸುತ್ತಾರೆ. ಹನಿ ಮುಟ್ಟದ ಎಷ್ಟೋ ಹೆಂಗಸರೂ ಗಂಡಸರೂ ಈ ಅನುಮಾನದ ಭಾರ ಹೊತ್ತು ಆಸ್ಪತ್ರೆಯ ಹೊರಗೆ ಕೂತಿರುತ್ತಾರೆ. ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಕೊಬ್ಬಿನ ಯಕೃತ್ ರೋಗ ಭಾರತದಲ್ಲಿ ಎಷ್ಟು ವ್ಯಾಪಕವಾಗಿದೆಯೆಂದರೆ, ಕೇಂದ್ರ ಸರ್ಕಾರ 2021ರಲ್ಲಿ ಅದನ್ನು ಕ್ಯಾನ್ಸರ್, ಮಧುಮೇಹ, ಹೃದ್ರೋಗಗಳ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮಕ್ಕೆ ಸೇರಿಸಿತು. ಬೊಜ್ಜು ಯಕೃತ್ತಿನ ಮಿಥೈಲ್ ಗುರುತುಗಳಲ್ಲಿ ಎದ್ದು ಕಾಣುತ್ತದೆ. ಆ ಗುರುತುಗಳಿಂದ ಅಂಗದ ಜೈವಿಕ ವಯಸ್ಸನ್ನು ಲೆಕ್ಕಹಾಕುವ ವಿಧಾನ ರೂಪಿಸಿದ ಸ್ಟೀವ್ ಹೊರ್ವಾತ್ ಮತ್ತು ಸಂಗಡಿಗರು 2014ರಲ್ಲಿ ಕಂಡುಕೊಂಡಂತೆ, ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 10 ಅಂಕ ಹೆಚ್ಚಿದರೆ ಯಕೃತ್ತು 3.3 ವರ್ಷ ಹೆಚ್ಚು ಮುದಿಯಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಯಿಂದ ತೂಕ ಬೇಗನೆ ಇಳಿದರೂ ಈ ವಯಸ್ಸು ಅಷ್ಟೇ ಬೇಗ ಇಳಿಯಲಿಲ್ಲ. ಆದರೆ ಜರ್ಮನಿಯ ತಂಡವೊಂದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂಥ ಶಸ್ತ್ರಚಿಕಿತ್ಸೆಯ ನಂತರ ರೋಗಕ್ಕೆ ಸಂಬಂಧಿಸಿದ ಕೆಲವು ಜೀನ್‌ಗಳ ಮಿಥೈಲ್ ಗುರುತು ಹಿಂದಕ್ಕೆ ಸರಿದಿತ್ತು. ಕೆಲವು ಗುರುತುಗಳು ಬೇಗ ಅಳಿಯುತ್ತವೆ, ಕೆಲವು ಹಟ ಹಿಡಿಯುತ್ತವೆ.

ಯಕೃತ್ತು ಗಟ್ಟಿಯಾಗುವುದು ಕಲೆಯ ಪರಿಣಾಮವಷ್ಟೇ ಅಲ್ಲ, ಮುಂದಿನ ಕಲೆಗೆ ಕಾರಣವೂ ಹೌದು. ಸುತ್ತಲ ಜಾಗ ಬಿರುಸಾಗಿದೆ ಎಂಬ ಸಂಕೇತ ಸಿಕ್ಕಾಗ ನಕ್ಷತ್ರಕೋಶದಲ್ಲಿ ಪಿ300 ಎಂಬ ಅಸಿಟೈಲ್ ಅಂಟಿಸುವ ಕಿಣ್ವ ನ್ಯೂಕ್ಲಿಯಸ್ಸಿನಲ್ಲಿ ಜಮೆಯಾಗಿ ಕಲೆಯ ಜೀನ್‌ಗಳನ್ನು ತೆರೆಯುತ್ತದೆ ಎಂದು ಅಮೆರಿಕದ ಮೇಯೊ ಕ್ಲಿನಿಕ್‌ನ ತಂಡ 2018ರಲ್ಲಿ ತೋರಿಸಿತು. ಈ ಪಿ300ಗೂ ಕರ್ನಾಟಕಕ್ಕೂ ಹಳೆಯ ಸಂಬಂಧವಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಪಿ300 ಕಿಣ್ವವನ್ನು ತಡೆಯುವ ಸಸ್ಯಜನ್ಯ ಪದಾರ್ಥಗಳನ್ನು ಹುಡುಕುತ್ತಾ 2003ರಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲವನ್ನೂ, 2004ರಲ್ಲಿ ಅರಿಸಿನದ ಕರ್ಕ್ಯುಮಿನ್ ಮತ್ತು ಕರಾವಳಿಯಲ್ಲಿ ಪುನರ್ಪುಳಿ ಎನ್ನುವ, ಮಲೆನಾಡಿನಲ್ಲಿ ಮುರುಗಲು ಎನ್ನುವ ಹಣ್ಣಿನ ಗಾರ್ಸಿನಾಲ್‌ ಅನ್ನೂ ಗುರುತಿಸಿತು. ಎಪಿಜೆನೆಟಿಕ್ ಕಿಣ್ವಗಳನ್ನು ಸಣ್ಣ ಅಣುಗಳಿಂದ ತಡೆಯಬಹುದೆಂದು ತೋರಿಸಿದ ಆರಂಭದ ಕೆಲಸಗಳಲ್ಲಿ ಇವಕ್ಕೆ ಗೌರವದ ಸ್ಥಾನವಿದೆ.

ಪ್ರಯೋಗಾಲಯದ ಈ ಮಾತನ್ನು ಅಡುಗೆಮನೆಗೋ ಔಷಧಿ ಅಂಗಡಿಗೋ ನೇರ ಎಳೆದುತರಬಾರದು. ಪುನರ್ಪುಳಿ ಶರಬತ್ತು, ಸಾರಿಗೆ ಹಾಕುವ ಚಿಟಿಕೆ ಅರಿಸಿನ ಎಂದಿನಂತೆ ಇರಲಿ. ಆದರೆ ಸಾಂದ್ರೀಕರಿಸಿದ ಅರಿಸಿನದ ಕ್ಯಾಪ್ಸೂಲುಗಳಿಂದ ಯಕೃತ್ತಿಗೇ ಹಾನಿಯಾದ 10 ಪ್ರಕರಣಗಳನ್ನು ಅಮೆರಿಕದ ಔಷಧಜನ್ಯ ಯಕೃತ್ ಹಾನಿಯ ಅಧ್ಯಯನ ಜಾಲ 2022ರಲ್ಲಿ ವರದಿ ಮಾಡಿದೆ. ಒಬ್ಬ ರೋಗಿ ತೀರಿಕೊಂಡರು.

ಔಷಧಗಳ ಹುಡುಕಾಟ ಶುರುವಾದದ್ದು ಕ್ಯಾನ್ಸರ್ ಮದ್ದುಗಳಿಂದ. ಅಸಿಟೈಲ್ ಗುರುತು ತೆಗೆಯುವ ಕಿಣ್ವಗಳನ್ನು ತಡೆಯುವ ಟ್ರೈಕೊಸ್ಟಾಟಿನ್-ಎ ಕೊಟ್ಟರೆ ನಕ್ಷತ್ರಕೋಶ ಬದಲಾಗುವುದು ನಿಲ್ಲುತ್ತದೆ ಎಂದು 1999ರಲ್ಲೇ ಬ್ರಸೆಲ್ಸ್‌ನಲ್ಲಿ ಕಂಡಿತ್ತು. ಫಿಟ್ಸ್ ರೋಗಕ್ಕೆ ಕೊಡುವ ವಾಲ್ಪ್ರೊಯೇಟ್ ಕೂಡ ಅದೇ ಕಿಣ್ವಗಳನ್ನು ತಡೆದು ಇಲಿಗಳಲ್ಲಿ ಕಲೆ ತಗ್ಗಿಸುತ್ತದೆ, ಆದರೆ ಕೆಲವರಲ್ಲಿ ಅದೇ ಔಷಧ ಯಕೃತ್ತನ್ನು ಕೆಡಿಸುತ್ತದೆ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯವರು 2015ರಲ್ಲಿ ಅಸಿಟೈಲ್ ಗುರುತನ್ನು ಓದುವ ಬಿಆರ್‌ಡಿ4 ಎಂಬ ಪ್ರೋಟೀನನ್ನು ಜೆಕ್ಯೂ1 ಎಂಬ ಅಣುವಿನಿಂದ ತಡೆದು ಇಲಿಗಳ ಫೈಬ್ರೋಸಿಸ್ ಇಳಿಸಿದರು. ಸ್ಪೇನಿನ ನವಾರಾದಲ್ಲಿ ಎರಡು ಮಿಥೈಲ್ ಕಿಣ್ವಗಳನ್ನು ಒಟ್ಟಿಗೆ ತಡೆಯುವ ಅಣುವಿನ ಪ್ರಯೋಗ ನಡೆಯಿತು. ಇಲಿಯಲ್ಲಿ ಫಲ ಕೊಟ್ಟ ಇವುಗಳಲ್ಲಿ ಯಾವುದೂ ಯಕೃತ್ತಿನ ಕಲೆಗೆ ಅನುಮೋದಿತ ಔಷಧವಾಗಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಈ ಕಿಣ್ವಗಳು ದೇಹದ ಎಲ್ಲ ಕೋಶಗಳಲ್ಲೂ ಇವೆ, ಕ್ಯಾನ್ಸರ್ ರೋಗಿ ಕೆಲವು ತಿಂಗಳು ತಡೆದುಕೊಳ್ಳುವ ಅಡ್ಡಪರಿಣಾಮವನ್ನು ಯಕೃತ್ ರೋಗಿ ವರ್ಷಗಟ್ಟಲೆ ತಡೆದುಕೊಳ್ಳಲಾರ. ಮದ್ದನ್ನು ನಕ್ಷತ್ರಕೋಶಕ್ಕಷ್ಟೇ ತಲುಪಿಸಲು ಅದರ ಎ ಜೀವಸತ್ವದ ಹಸಿವನ್ನೇ ದಾರಿಯಾಗಿ ಬಳಸುವ ಪ್ರಯತ್ನಗಳು ನಡೆದಿವೆ. ಫೈಬ್ರೋಸಿಸ್ ಇರುವ ಕೊಬ್ಬಿನ ಯಕೃತ್ ರೋಗಕ್ಕೆ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದದ್ದು, 2024ರ ಮಾರ್ಚಿನಲ್ಲಿ, ರೆಸ್ಮೆಟಿರಮ್. ಅದು ಥೈರಾಯ್ಡ್ ಹಾರ್ಮೋನಿನ ದಾರಿಯಲ್ಲಿ ಕೆಲಸ ಮಾಡುವ ಔಷಧ.

ಗುರುತು ಅಳಿಸುವುದಕ್ಕಿಂತ ಓದುವುದು ಬೇಗ ಕೈಗೂಡಬಹುದು. ಬಯಾಪ್ಸಿ ಎಂದರೆ ಪಕ್ಕೆಲುಬುಗಳ ನಡುವೆ ಸೂಜಿ ಇಳಿಸಬೇಕು, ನೋವು ಮತ್ತು ರಕ್ತಸ್ರಾವದ ಭಯ ಇದ್ದೇ ಇದೆ. ಸಾಯುವ ಯಕೃತ್ ಕೋಶಗಳು ತಮ್ಮ ಡಿಎನ್‌ಎ ತುಣುಕುಗಳನ್ನು ರಕ್ತಕ್ಕೆ ಬಿಡುತ್ತವೆ, ಆ ತುಣುಕುಗಳ ಮೇಲೆ ಮಿಥೈಲ್ ಗುರುತುಗಳು ಹಾಗೇ ಉಳಿದಿರುತ್ತವೆ. ಪಿಪಾರ್-ಗ್ಯಾಮಾ ಜೀನ್‌ನ ತುಣುಕುಗಳಲ್ಲಿ ಮಿಥೈಲ್ ಎಷ್ಟಿದೆ ಎಂದು ರಕ್ತದಲ್ಲೇ ಅಳೆದು, ಕಲೆ ಸೌಮ್ಯವೋ ತೀವ್ರವೋ ಎಂದು ವಿಂಗಡಿಸಬಹುದೆಂದು ನ್ಯೂಕಾಸಲ್ ತಂಡ 2017ರಲ್ಲಿ ಗಟ್ ಪತ್ರಿಕೆಯಲ್ಲಿ ಪ್ರಕಟಿಸಿತು. ಅದು ಇನ್ನೂ ಆಸ್ಪತ್ರೆಯ ನಿತ್ಯದ ಪರೀಕ್ಷೆಯಾಗಿಲ್ಲ. ಈಗ ಬಳಕೆಯಲ್ಲಿರುವುದು ಯಕೃತ್ತಿನ ಬಿರುಸನ್ನು ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್ ಮತ್ತು ಸಾಧಾರಣ ರಕ್ತಪರೀಕ್ಷೆಗಳಿಂದ ಲೆಕ್ಕಹಾಕುವ ಅಂಕಗಳು.

ಗುರುತುಗಳು ಹಟ ಹಿಡಿಯುವುದರ ಗಂಭೀರ ಪರಿಣಾಮ ಕಂಡಿದ್ದು ಹೆಪಟೈಟಿಸ್ ಸಿ ರೋಗಿಗಳಲ್ಲಿ. ಎಂಟು ಹನ್ನೆರಡು ವಾರಗಳ ಮಾತ್ರೆಯಿಂದ ಈ ವೈರಸ್ಸನ್ನು ದೇಹದಿಂದ ಪೂರ್ತಿ ಹೊರಹಾಕುವುದು ಈಗ ಸಾಧ್ಯ. ಆದರೂ ತೀವ್ರ ಕಲೆ ಬಂದಿದ್ದವರಲ್ಲಿ ಯಕೃತ್ತಿನ ಕ್ಯಾನ್ಸರ್ ಅಪಾಯ ಪೂರ್ತಿ ಹೋಗುವುದಿಲ್ಲ. ಸೋಂಕು ಗುಣವಾದವರ ಯಕೃತ್ತನ್ನು ಪರೀಕ್ಷಿಸಿದ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ತಂಡ 2019ರಲ್ಲಿ ವರದಿ ಮಾಡಿದಂತೆ, ವೈರಸ್ ಮೂಡಿಸಿದ್ದ ಹಿಸ್ಟೋನ್ ಗುರುತುಗಳಲ್ಲಿ ಒಂದಷ್ಟು ವೈರಸ್ ಹೋದ ಮೇಲೂ ಅಲ್ಲೇ ಇದ್ದವು. ಕ್ಯಾನ್ಸರಿಗೆ ಸಂಬಂಧಿಸಿದ ಜೀನ್‌ಗಳ ಮೇಲೂ ಇದ್ದವು. ಹೆಪಟೈಟಿಸ್ ಸಿ ಗುಣವಾಯಿತೆಂದು ವರದಿ ಕೈಸೇರಿದ ಮೇಲೂ, ಸಿರೋಸಿಸ್ ಇದ್ದವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಲೇಬೇಕೆಂದು ಯಕೃತ್ ತಜ್ಞರು ಹೇಳುತ್ತಾರೆ.